ಠೇವಣಿಯ ಸಿಲಿಂಡರು: ಮಣಲಿಯ ಅಡುಗೆಮನೆಗಳ ಒಂದು ಚರಿತ್ರೆ

ಕದಂಬರಿಂದ ಹಿಡಿದು ಏಕೀಕರಣದವರೆಗೆ ನಮ್ಮ ನಾಡಿನ ಚರಿತ್ರೆಯನ್ನು ಅಧಿಕಾರವಾಣಿಯಿಂದ ಬರೆಯಬಲ್ಲ ಸಮರ್ಥರು ನಮ್ಮ ಸಂಘದಲ್ಲಿ ಅನೇಕರಿದ್ದಾರೆ. ಆದ್ದರಿಂದ ಸಂಪಾದಕ ಮಿತ್ರರು ಈ ಸಲದ ಸ್ಮರಣ ಸಂಚಿಕೆಗೆ "ನೀವೂ ಚರಿತ್ರೆಯ ಲೇಖನವೊಂದನ್ನು ಕೊಡಲೇಬೇಕು" ಎಂದಾಗ ನಾನು ಕೊಂಚ ಅಳುಕಿದೆ. ಶಾಸನಗಳನ್ನು ಓದಬಲ್ಲವನು ನಾನಲ್ಲ. ನನಗೆ ಓದಲು ಬರುವ ಶಾಸನ ಒಂದೇ ಒಂದು. ಅದು ಅಡುಗೆಮನೆಯ ಮೂಲೆಯಲ್ಲಿ ನಿಂತಿರುವ ಕೆಂಪು ಸಿಲಿಂಡರಿನ ಕೊರಳ ಬಳಿ ಬರೆದಿರುವ ಅಕ್ಷರ. ಎ, ಬಿ, ಸಿ, ಡಿ ಎಂಬ ನಾಲ್ಕರಲ್ಲಿ ಒಂದು ಅಕ್ಷರ, ಅದರ ಮುಂದೆ ವರ್ಷದ ಎರಡು ಅಂಕಿ. ಅಕ್ಷರವು ವರ್ಷದ ಮೂರು ಮೂರು ತಿಂಗಳ ಕಾಲುಭಾಗವನ್ನು ಹೇಳುತ್ತದೆ. ಆ ಅವಧಿಗೆ ಸಿಲಿಂಡರು ಮರುಪರೀಕ್ಷೆಗೆ ಹೋಗಬೇಕು. ಈ ಶಾಸನವನ್ನು ಓದದೆಯೇ ಸಿಲಿಂಡರನ್ನು ಒಳಗೆ ಬಿಟ್ಟುಕೊಳ್ಳುವ ಗೃಹಸ್ಥರು ನಮ್ಮಲ್ಲಿ ಹೆಚ್ಚು. ಹೋಗಲಿ, ಅದರ ಕಥೆಯನ್ನಾದರೂ ಕೇಳಬಹುದಷ್ಟೆ.

ನಾನು ಬೆಳೆದದ್ದು ಮದರಾಸಿನ ಉತ್ತರದ ಅಂಚಿನ ಮಣಲಿಯಲ್ಲಿ. ತಮಿಳಿನಲ್ಲಿ ಮಣಲ್ ಎಂದರೆ ಮರಳು. ನಮ್ಮ ಹಳಗನ್ನಡದ ಮಣಲ್, ಮಳಲ್ ಎಂಬ ಮಾತುಗಳೂ ಅದರ ಒಡಹುಟ್ಟುಗಳೇ. ಇಂದು ಮಣಲಿ ಎಂದೊಡನೆ ಜನ ಹೊಗೆಯ ಚಿಮಣಿಗಳನ್ನು ನೆನೆಯುತ್ತಾರೆ. ಆದರೆ ಹದಿನೆಂಟನೆಯ ಶತಮಾನದಲ್ಲಿ ಇದು ದುಬಾಷಿ ಮಣಲಿ ಮುತ್ತುಕೃಷ್ಣ ಮುದಲಿಯಾರರ ಊರು. ಮುತ್ತುಸ್ವಾಮಿ ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರನ್ನು ಕರೆತಂದು ಆಶ್ರಯವಿತ್ತ ಮನೆತನ ಅದು. ಸಂಗೀತದ ಊರು ಎಣ್ಣೆಯ ಊರಾದದ್ದು ಹೇಗೆಂಬುದೇ ಒಂದು ದೊಡ್ಡ ಗ್ರಂಥಕ್ಕೆ ವಸ್ತು. ನಮಗೀಗ ಅದರ ಒಲೆಯ ಭಾಗ ಮಾತ್ರ ಸಾಕು.

ಗ್ಯಾಸು ಬರುವ ಮುಂಚೆ ಮದರಾಸು ಏನನ್ನು ಉರಿಸುತ್ತಿತ್ತು? ಸೌದೆಯನ್ನು. ಅದರಲ್ಲೂ ಕರಾವಳಿಯ ಮರಳಿನಲ್ಲಿ ಬೆಳೆಸಿದ ಸರ್ವೆ ಮರದ ಸೌದೆಯನ್ನು. ತಮಿಳರು ಇದನ್ನು ಸವುಕ್ಕು ಎನ್ನುತ್ತಾರೆ. ಈ ಸೌದೆ ಬರುತ್ತಿದ್ದ ಮುಖ್ಯ ಹಾದಿಗಳಲ್ಲಿ ಒಂದು, ಮಣಲಿಗೂ ತಿರುವೊಟ್ರಿಯೂರಿಗೂ ನಡುವೆ ಹರಿಯುವ ಬಕಿಂಗ್‌ಹ್ಯಾಂ ಕಾಲುವೆ. ಕಾಲುವೆಯ ತುಂಡುಗಳನ್ನು ಒಂದಕ್ಕೊಂದು ಸೇರಿಸುವ ಕೆಲಸ ನಡೆದದ್ದು 1876-78ರ ಮಹಾಕ್ಷಾಮದಲ್ಲಿ, ಹಸಿದವರಿಗೆ ಕೂಲಿ ಕೊಡುವ ಕಾಮಗಾರಿಯಾಗಿ. ನಮ್ಮ ಮೈಸೂರು ಸೀಮೆಯ ಹಿರಿಯರು ಧಾತು ಈಶ್ವರದ ಬರ ಎಂದು ನಡುಗುತ್ತ ನೆನೆಯುತ್ತಿದ್ದುದು ಇದೇ ಕ್ಷಾಮವನ್ನು. ಆ ಕಾಲುವೆಯಲ್ಲಿ ದೋಣಿಗಳು ಉಪ್ಪನ್ನೂ ಸೌದೆಯನ್ನೂ ಹೊತ್ತು ಪಟ್ಟಣಕ್ಕೆ ಬರುತ್ತಿದ್ದವು. 1965-66ರ ಚಂಡಮಾರುತಗಳಲ್ಲಿ ಕಾಲುವೆ ತೀರ ಹಾಳಾಯಿತು. ದೋಣಿಗಳ ಸಂಚಾರ ಕ್ಷೀಣಿಸಿತು.

ವಿಚಿತ್ರವೆಂದರೆ, ಮಣಲಿಯ ಎಣ್ಣೆ ಕಾರ್ಖಾನೆಗೆ ಒಪ್ಪಂದವಾದದ್ದೂ ಅದೇ 1965ರಲ್ಲಿ. ಭಾರತ ಸರ್ಕಾರ, ಅಮೆರಿಕದ ಅಮೋಕೊ ಕಂಪನಿ, ಇರಾನಿನ ರಾಷ್ಟ್ರೀಯ ತೈಲ ಕಂಪನಿ, ಈ ಮೂವರು ಸೇರಿ ಮದರಾಸ್ ರಿಫೈನರೀಸ್ ಲಿಮಿಟೆಡ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಸರ್ಕಾರದ ಪಾಲು ನೂರಕ್ಕೆ 74; ಉಳಿದಿಬ್ಬರದು ತಲಾ 13. ವರ್ಷಕ್ಕೆ 25 ಲಕ್ಷ ಟನ್ ಕಚ್ಚಾತೈಲ ಶುದ್ಧಿ ಮಾಡುವ ಕಾರ್ಖಾನೆಯನ್ನು ಸುಮಾರು 43 ಕೋಟಿ ರೂಪಾಯಿ ವೆಚ್ಚದಲ್ಲಿ, 27 ತಿಂಗಳಲ್ಲಿ ಕಟ್ಟಿ, 1969ರಲ್ಲಿ ನಡೆಸತೊಡಗಿದರು. ಮದರಾಸ್ ರಾಜ್ಯವು ತಮಿಳುನಾಡು ಎಂಬ ಹೆಸರು ತಳೆದ ವರ್ಷವೂ ಅದೇ. ಬಳಿಕ ಪಕ್ಕದಲ್ಲೇ ಗೊಬ್ಬರದ ಕಾರ್ಖಾನೆ ಎದ್ದಿತು. ಇತರ ಉದ್ಯಮಗಳು ಹಿಂದೆಯೇ ಬಂದವು. ಈ ಎಣ್ಣೆ ಕಾರ್ಖಾನೆಯೇ 2000ದಲ್ಲಿ ಚೆನ್ನೈ ಪೆಟ್ರೋಲಿಯಂ ಕಾರ್ಪೊರೇಷನ್ ಎಂಬ ಹೊಸ ಹೆಸರು ಪಡೆಯಿತು.

ಈ ಕಾರ್ಖಾನೆಗಳ ಕೆಲಸಕ್ಕೆ ಬಂದವರಲ್ಲಿ ನಮ್ಮ ಕಡೆಯವರೂ ಇದ್ದರು. ನನ್ನ ತಂದೆಯವರು 1971ರಲ್ಲಿ ಹೆಂಡತಿ ಮಕ್ಕಳೊಡನೆ ತಿಪಟೂರಿನಿಂದ ಬಂದು ಇಲ್ಲಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿದರು. ಸಂಜೆಯಾದರೆ ನಮ್ಮ ಮನೆಯ ಜಗಲಿಯಿಂದ ಎಣ್ಣೆ ಕಾರ್ಖಾನೆಯ ಎತ್ತರದ ಕೊಳವೆಯ ತುದಿಯಲ್ಲಿ ಉರಿಯುವ ಜ್ವಾಲೆ ಕಾಣುತ್ತಿತ್ತು. ಹೆಚ್ಚಾದ ಅನಿಲವನ್ನು ಅಪಾಯವಾಗದಂತೆ ಅಲ್ಲಿ ಸುಟ್ಟುಬಿಡುತ್ತಾರೆಂದು ತಂದೆಯವರು ವಿವರಿಸಿದ್ದರು. ನನ್ನ ತಾಯಿ ಸೀಮೆಎಣ್ಣೆಯ ಸಾಲಿನಲ್ಲಿ ಒಂದು ಗಂಟೆ ನಿಂತು ಬಂದು, ಬತ್ತಿ ಸ್ಟವ್ವಿನ ಹೊಗೆಗೆ ಕಣ್ಣೊರೆಸಿಕೊಳ್ಳುತ್ತ, ಆ ಜ್ವಾಲೆಯನ್ನು ನೋಡಿ, "ಆಕಾಶಕ್ಕೆ ಅಡುಗೆ ಮಾಡ್ತಾರಂತೆ, ನಮಗಿಲ್ಲ" ಎನ್ನುತ್ತಿದ್ದರು. ಆ ಮಾತಿಗೆ ತಂದೆಯವರಲ್ಲಿ ಉತ್ತರವಿರಲಿಲ್ಲ.

ಉತ್ತರವೇನೋ ಇತ್ತು. ಕಚ್ಚಾತೈಲವನ್ನು ಕಾಯಿಸಿ ಬೇರ್ಪಡಿಸಿದಾಗ ಡೀಸೆಲ್, ಸೀಮೆಎಣ್ಣೆ, ಪೆಟ್ರೋಲುಗಳ ಜೊತೆಗೆ ಅಡುಗೆಗೆ ಒದಗುವ ಪ್ರೊಪೇನ್ ಮತ್ತು ಬ್ಯುಟೇನ್ ಅನಿಲಗಳು ಸಿಗುವುದು ನೂರಕ್ಕೆ ಕೆಲವೇ ಪಾಲು. ಅಷ್ಟನ್ನಾದರೂ ಮನೆಗೆ ಮುಟ್ಟಿಸಬೇಕಾದರೆ ಒತ್ತಡದಲ್ಲಿ ದ್ರವ ಮಾಡಬೇಕು. ಸಿಲಿಂಡರು, ವಾಲ್ವು, ರೆಗ್ಯುಲೇಟರು, ತುಂಬುವ ಘಟಕ, ಲಾರಿ, ಗೋದಾಮು ಎಲ್ಲವೂ ಬೇಕು. ಅನಿಲಕ್ಕಿಂತ ಅದನ್ನು ತುಂಬುವ ಉಕ್ಕಿನ ಪಾತ್ರೆಯೇ ದುರ್ಲಭವಾಗಿದ್ದ ಕಾಲ ಅದು.

ಪಾತ್ರೆಯಲ್ಲಿ ತುಂಬಿದ ಈ ಅನಿಲ ಭಾರತದ ಮನೆಗಳಿಗೆ ಬಂದದ್ದು ಸ್ವಾತಂತ್ರ್ಯ ಬಂದ ಮೇಲೆಯೇ. ಮುಂಬಯಿಯ ಟ್ರಾಂಬೆಯಲ್ಲಿ ಎಣ್ಣೆ ಕಾರ್ಖಾನೆಗಳು ಎದ್ದ 1950ರ ದಶಕದ ನಡುವಿನಲ್ಲಿ ಬರ್ಮಾ ಷೆಲ್ ಕಂಪನಿ ಬರ್ಷೇನ್ ಎಂಬ ಹೆಸರಿನಿಂದ ಇದನ್ನು ಮಾರತೊಡಗಿತು. ಸರ್ಕಾರಿ ಸಂಸ್ಥೆಯಾದ ಇಂಡಿಯನ್ ಆಯಿಲ್ ತನ್ನ ಇಂಡೇನ್ ಅನಿಲವನ್ನು ಕಲ್ಕತ್ತೆಯ ಮನೆಗೆ ಮೊದಲು ಕೊಟ್ಟದ್ದು 1965ರಲ್ಲಿ. ಎಸ್ಸೊ 1974ರಲ್ಲಿಯೂ ಬರ್ಮಾ ಷೆಲ್ 1976ರಲ್ಲಿಯೂ ರಾಷ್ಟ್ರದ ವಶವಾಗಿ, ಮುಂದೆ ಹಿಂದುಸ್ತಾನ್, ಭಾರತ್ ಎಂಬ ಹೆಸರುಗಳಿಂದ ನಮ್ಮ ಬೀದಿಗೆ ಬಂದವು. ಈ ನಡುವೆ 1973ರ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವಾದ ಹಬ್ಬ. ಕೆಲವೇ ದಿನಗಳ ಹಿಂದೆ ಅರಬ್ ರಾಷ್ಟ್ರಗಳು ಎಣ್ಣೆಯನ್ನು ಬಿಗಿಹಿಡಿದಿದ್ದವು; ಕೆಲವೇ ದಿನಗಳಲ್ಲಿ ನಮ್ಮಲ್ಲೂ ಬೆಲೆ ಏರಿತು. ನಾಡಿಗೆ ಹೆಸರು ಬಂದ ಸಂತೋಷಕ್ಕೆ ಹೋಳಿಗೆ ಮಾಡಬೇಕೆಂದಿದ್ದ ನಮ್ಮ ಮನೆಯಲ್ಲಿ ಸೀಮೆಎಣ್ಣೆ ಸಾಲದೆ ಪಾಯಸಕ್ಕೆ ತೃಪ್ತಿಪಡಬೇಕಾಯಿತು.

ತಂದೆಯವರು 1975ರಲ್ಲಿ ಗ್ಯಾಸಿಗೆ ಹೆಸರು ಬರೆಸಿದರು. ಸರದಿ ಬಂದದ್ದು 1982ರಲ್ಲಿ. ಇದು ಅತಿಶಯವಲ್ಲ, ಆ ಕಾಲದಲ್ಲಿ ವರ್ಷಗಟ್ಟಲೆ ಕಾಯುವುದು ಸರ್ವಸಾಧಾರಣವಾಗಿತ್ತು. ಪಾರ್ಲಿಮೆಂಟಿನ ಸದಸ್ಯರಿಗೆ ಗ್ಯಾಸ್ ಸಂಪರ್ಕ ಕೊಡಿಸುವ ಕೋಟಾ ಇತ್ತೆಂದರೆ ಅದರ ಬೆಲೆಯನ್ನು ಇಂದಿನ ಯುವಕರು ಊಹಿಸಿಕೊಳ್ಳಬಹುದು. ಪರಸ್ಥಳದಿಂದ ಬಂದವರ ಪಾಡು ಇನ್ನಷ್ಟು ಕಷ್ಟ. ರೇಷನ್ ಕಾರ್ಡು ಬೇಕು, ಬಾಡಿಗೆ ಮನೆಯ ಯಜಮಾನರ ಚೀಟಿ ಬೇಕು. ಗ್ಯಾಸು ಬಂದ ಮೇಲೆ ರೇಷನ್ ಕಾರ್ಡಿನ ಮೇಲೆ ಸಿಲಿಂಡರಿನ ಮುದ್ರೆ ಬಿದ್ದು ಸೀಮೆಎಣ್ಣೆ ಕಡಿಮೆಯಾಗುತ್ತಿತ್ತು. ಆದರೂ ಆ ಮುದ್ರೆಯನ್ನು ತಂದೆಯವರು ಪದಕದಂತೆ ತೋರಿಸುತ್ತಿದ್ದರು. ಅದು ನಾವು ಈ ಊರಿನವರಾದೆವೆಂಬುದಕ್ಕೆ ಸರ್ಕಾರ ಕೊಟ್ಟ ಸಾಕ್ಷಿ.

ಇಲ್ಲಿ ಒಂದು ಮಾತನ್ನು ವಾಚಕರು ಗಮನಿಸಬೇಕು. ನಾವು ಕಾದದ್ದು ಏಳು ವರ್ಷ, ಹಣ ಕಟ್ಟಿದ್ದೂ ನಾವೇ. ಆದರೆ ಸಿಲಿಂಡರು ನಮ್ಮದಾಗಲಿಲ್ಲ. ಒಲೆ ನಮ್ಮದು. ಸಿಲಿಂಡರು, ರೆಗ್ಯುಲೇಟರು ಕಂಪನಿಯವು. ನಾವು ಕಟ್ಟಿದ್ದು ಕ್ರಯವಲ್ಲ, ಠೇವಣಿ. ನಮ್ಮ ಕೈಗೆ ಬಂದ ಆಸ್ತಿಯೆಂದರೆ ಸಬ್‌ಸ್ಕ್ರಿಪ್ಷನ್ ವೋಚರ್ ಎಂಬ ಒಂದು ಹಾಳೆಯ ರಶೀದಿ. ಇದನ್ನು ಬಾಡಿಗೆಯೆನ್ನೋಣವೆಂದರೆ ತಿಂಗಳ ಬಾಡಿಗೆ ಇಲ್ಲ, ಕ್ರಯವೆನ್ನೋಣವೆಂದರೆ ಒಡೆತನವಿಲ್ಲ.

ಇದರ ಹಿಂದೆ ಒಳ್ಳೆಯ ಕಾರಣವಿದೆ. ಮನೆಯ ಸಿಲಿಂಡರು ಸುಮಾರು 33 ಲೀಟರು ನೀರು ಹಿಡಿಯುವ ಪಾತ್ರೆ. ಅದರಲ್ಲಿ ತುಂಬುವುದು 14.2 ಕಿಲೋ ಅನಿಲ. ಬಿಸಿಲಿಗೆ ದ್ರವ ಹಿಗ್ಗಲು ಎಡೆಯಿರಲೆಂದು ಸುಮಾರು ಐದನೆಯ ಒಂದು ಪಾಲನ್ನು ಖಾಲಿ ಬಿಡುತ್ತಾರೆ. ಹೊರಬಂದ ದ್ರವ ಸುಮಾರು 250 ಪಟ್ಟು ಹಿಗ್ಗಿ ಅನಿಲವಾಗುತ್ತದೆ. ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆಯೇ ಹರಡುತ್ತದೆ. ಸ್ವತಃ ಅದಕ್ಕೆ ವಾಸನೆಯಿಲ್ಲ. ನಾವು ಮೂಗು ಮುಚ್ಚಿಕೊಳ್ಳುವ ಆ ನಾತವನ್ನು ಎಚ್ಚರಿಕೆಗೆಂದೇ ಬೆರೆಸಿರುತ್ತಾರೆ. ಇಂಥ ವಸ್ತುವನ್ನು ಬೀದಿಬದಿಯಲ್ಲಿ ಕೊಳವೆ ಹಿಡಿದು ತುಂಬಿಸಿಕೊಳ್ಳುವುದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ವಿರುದ್ಧ. ಆದ್ದರಿಂದ ಖಾಲಿ ಕೊಟ್ಟು ತುಂಬಿದ್ದನ್ನು ತೆಗೆದುಕೊಳ್ಳುವ ವಿನಿಮಯ ಪದ್ಧತಿ. ಪ್ರತಿ ಸಲ ಸಿಲಿಂಡರು ಘಟಕಕ್ಕೆ ಮರಳಿ, ಅಲ್ಲಿ ತೂಕ, ವಾಲ್ವು, ಪರೀಕ್ಷೆಯ ಅವಧಿಗಳನ್ನು ನೋಡಿದ ಮೇಲೆಯೇ ಮತ್ತೆ ತುಂಬಬೇಕೆಂಬುದು ನಿಯಮ. ಒಡೆತನ ನಮ್ಮದಾಗಿದ್ದರೆ ತುಕ್ಕು ಹಿಡಿದ ಹಳೆಯ ಸಿಲಿಂಡರನ್ನು ಅಜ್ಜನ ಕಾಲದ ಹಂಡೆಯಂತೆ ನಾವು ಬಿಡದೆ ಇಟ್ಟುಕೊಳ್ಳುತ್ತಿದ್ದೆವೆಂಬುದರಲ್ಲಿ ನನಗೆ ಸಂಶಯವಿಲ್ಲ.

ಅಮೆರಿಕದಲ್ಲಿರುವ ನನ್ನ ಸೋದರಳಿಯ ಹೇಳುವಂತೆ ಅಲ್ಲಿ ಎರಡೂ ಪದ್ಧತಿಗಳಿವೆ. ಹಿತ್ತಲಿನಲ್ಲಿ ಕಬ್ಬಿಣದ ಒಲೆ ಹೂಡಿ ಮುಸುಕಿನ ಜೋಳ ಸುಡಲು ಅವರು ಕೊಳ್ಳುವ ಪ್ರೊಪೇನ್ ಪಾತ್ರೆ 20 ಪೌಂಡಿನದು, ಎಂದರೆ ಸುಮಾರು 9 ಕಿಲೋ. ಅದು ಅವರ ಸ್ವಂತದ್ದು. ಬೇಕಾದರೆ ಅಂಗಡಿಯ ಮುಂದಿನ ಪಂಜರದಲ್ಲಿ ಖಾಲಿಯನ್ನಿಟ್ಟು ತುಂಬಿದ್ದನ್ನು ಒಯ್ಯಬಹುದು. ಇಲ್ಲವೆ ತಮ್ಮದನ್ನೇ ತುಂಬುವ ಸ್ಥಳಕ್ಕೆ ಕೊಂಡೊಯ್ಯಬಹುದು. ವಿನಿಮಯದಲ್ಲಿ 15 ಪೌಂಡು ಮಾತ್ರ ತುಂಬಿ ಕೊಡುವ ಕಂಪನಿಗಳಿವೆಯೆಂದು ಅವನ ಗೊಣಗಾಟ. ಅಷ್ಟು ದೂರ ಹೋದರೂ ನಮ್ಮವರಿಗೆ ತೂಕದ ಚಿಂತೆ ತಪ್ಪಲಿಲ್ಲ!

ಈ ವಿನಿಮಯಕ್ಕೆ ನಮ್ಮ ಮನೆಯಲ್ಲಿ ಮೊದಮೊದಲು ಅಡ್ಡಿಯಾದದ್ದು ಮಡಿ. ನಿನ್ನೆ ಯಾರ ಮನೆಯಲ್ಲಿ ಮೀನು ಬೇಯಿಸಿದ ಸಿಲಿಂಡರೋ ಇಂದು ನಮ್ಮ ಒಲೆಯ ಪಕ್ಕಕ್ಕೆ! ನಮ್ಮಜ್ಜಿ ಹೊಸ್ತಿಲಲ್ಲೇ ಅದಕ್ಕೆ ಒಂದು ತಂಬಿಗೆ ನೀರು ಸುರಿದು ಒಳಗೆ ಬಿಡುತ್ತಿದ್ದರು. ಕ್ರಮೇಣ ತಂಬಿಗೆ ಉದ್ಧರಣೆಯಾಯಿತು, ಆಮೇಲೆ ಅದೂ ನಿಂತಿತು. ಯಾವ ಸಮಾಜ ಸುಧಾರಕರೂ ನಮ್ಮಜ್ಜಿಯೊಡನೆ ವಾದಿಸಿ ಗೆದ್ದಿರಲಿಲ್ಲ.

ರಶೀದಿಯ ಮಹಿಮೆ ತಿಳಿಯುತ್ತಿದ್ದುದು ಊರು ಬಿಡುವಾಗ. ವರ್ಗವಾಗಿ ಹೋಗುವವರು ಸಿಲಿಂಡರು, ರೆಗ್ಯುಲೇಟರುಗಳನ್ನು ಏಜೆನ್ಸಿಗೆ ಒಪ್ಪಿಸಿ, ಠೇವಣಿಯನ್ನೂ ಒಂದು ವರ್ಗಾವಣೆಯ ಚೀಟಿಯನ್ನೂ ಪಡೆದು, ಹೊಸ ಊರಿನ ಏಜೆನ್ಸಿಗೆ ಆ ಚೀಟಿಯನ್ನು ತೋರಿಸಬೇಕು. ಚೀಟಿ ಕಳೆದರೆ ಮತ್ತೆ ಸರದಿಯ ಕೊನೆ. ಮದುವೆಯ ಸೀರೆಗಳ ನಡುವೆ ಇದನ್ನು ಮಡಿಸಿಟ್ಟಿದ್ದ ಮನೆಗಳನ್ನು ನಾನು ಬಲ್ಲೆ.

ನಮ್ಮ ಎದುರುಮನೆಯಲ್ಲಿ ಅರಕಲಗೂಡಿನ ಕಡೆಯ ಒಂದು ಕುಟುಂಬವಿತ್ತು. ಆಕೆಯನ್ನು ಮದರಾಸಿನ ವಾಡಿಕೆಯಂತೆ ನಾವು ಮಾಮಿ ಎಂದೇ ಕರೆಯುತ್ತಿದ್ದೆವು. 1988ರಲ್ಲಿ ಅವರ ಯಜಮಾನರು ತೀರಿಕೊಂಡರು. ಬೆಂಗಳೂರಿನಲ್ಲಿ ಮಗನ ಬಳಿಗೆ ಹೋಗಬೇಕೆಂದು ಮಾಮಿ ಏಜೆನ್ಸಿಗೆ ಹೋದರೆ, ರಶೀದಿ ಗಂಡನ ಹೆಸರಿನಲ್ಲಿದೆ, ಅವರೇ ಬಂದು ರುಜು ಹಾಕಬೇಕು ಎಂಬ ಉತ್ತರ! ಮರಣದ ಸರ್ಟಿಫಿಕೇಟು, ವಾರಸುದಾರಿಕೆಯ ಕಾಗದ, ಮಗನ ಒಪ್ಪಿಗೆ ಪತ್ರ ಎಂದು ಮೂರು ತಿಂಗಳು ಅಲೆದರು. ಹದಿನೇಳು ವರ್ಷ ಆ ಒಲೆಯ ಮನೆಯನ್ನು ನಡೆಸಿದವರು ಅವರು. ಕಾಗದದಲ್ಲಿ ಅವರ ಹೆಸರೇ ಇರಲಿಲ್ಲ. ನಮ್ಮ ತಂದೆಯವರು ಅಂದೇ ಹೋಗಿ ನಮ್ಮ ಮನೆಯ ಸಂಪರ್ಕವನ್ನು ತಾಯಿಯ ಹೆಸರಿಗೆ ಬದಲಿಸಲು ಅರ್ಜಿ ಕೊಟ್ಟರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1990ರ ದಶಕದಿಂದ ಸರದಿ ಕರಗತೊಡಗಿತು. 2007ರಲ್ಲಿ ತಮಿಳುನಾಡು ಸರ್ಕಾರ ಬಡವರಿಗೆ ಒಲೆ ಸಹಿತ ಉಚಿತ ಸಂಪರ್ಕ ಕೊಟ್ಟಿತು. 2013ರ ಅಕ್ಟೋಬರಿನಲ್ಲಿ, ಆಗ ಕೇಂದ್ರದ ಪೆಟ್ರೋಲಿಯಂ ಸಚಿವರಾಗಿದ್ದ ನಮ್ಮ ವೀರಪ್ಪ ಮೊಯಿಲಿಯವರು, ವಿಳಾಸದ ಪುರಾವೆಯಿಲ್ಲದೆ ಪೆಟ್ರೋಲ್ ಬಂಕಿನಲ್ಲಿ 5 ಕಿಲೋ ಸಿಲಿಂಡರು ಮಾರುವ ಏರ್ಪಾಡನ್ನು ಬೆಂಗಳೂರಿನಲ್ಲಿ ಆರಂಭಿಸಿದರು. 2016ರ ಉಜ್ವಲ ಯೋಜನೆಯಲ್ಲಿ ಸಂಪರ್ಕ ಹೆಂಗಸರ ಹೆಸರಿಗೇ ಬಂತು; 2021ರ ಎರಡನೆಯ ಹಂತದಲ್ಲಿ ವಲಸೆ ಬಂದವರು ರೇಷನ್ ಕಾರ್ಡಿನ ಬದಲು ತಾವೇ ಬರೆದುಕೊಟ್ಟ ಘೋಷಣೆ ಸಾಕೆಂದಾಯಿತು. ಮಾಮಿಯಂಥವರಿಗೆ ಇದು ಮೂವತ್ತು ವರ್ಷ ತಡವಾಗಿ ಬಂದ ನ್ಯಾಯ. ಠೇವಣಿ ಮಾತ್ರ ಏರುತ್ತಲೇ ಹೋಗಿ 2022ರ ಜೂನಿನಲ್ಲಿ 1450ರಿಂದ 2200 ರೂಪಾಯಿಗೆ ಮುಟ್ಟಿತು.

ಮಣಲಿಯೂ ತನ್ನ ಬೆಲೆ ತೆತ್ತಿದೆ. 2009ರಲ್ಲಿ ದೇಶದ ತೀವ್ರ ಮಲಿನ ಕೈಗಾರಿಕಾ ಪ್ರದೇಶಗಳ ಪಟ್ಟಿಯಲ್ಲಿ ಅದರ ಹೆಸರಿತ್ತು. 2023ರ ಡಿಸೆಂಬರಿನ ಚಂಡಮಾರುತದ ನೆರೆಯಲ್ಲಿ ಎಣ್ಣೆ ಕಾಲುವೆಗೆ ಹರಿದು ಎಣ್ಣೂರಿನ ಅಳಿವೆಯವರೆಗೆ ಹಬ್ಬಿ, ಬೆಸ್ತರ ದೋಣಿ ಬಲೆಗಳಿಗೆ ಮೆತ್ತಿಕೊಂಡಿತು. ಒಂದು ಕಾಲಕ್ಕೆ ಸೌದೆಯ ದೋಣಿಗಳು ಬರುತ್ತಿದ್ದ ಅದೇ ಕಾಲುವೆ.

ಮಾಮಿ ಕೊನೆಗೂ ಹೊರಟ ದಿನ ನಾನು ಸೆಂಟ್ರಲ್ ಸ್ಟೇಷನ್ನಿಗೆ ಹೋಗಿದ್ದೆ. ಎರಡು ಸಿಲಿಂಡರುಗಳು ಏಜೆನ್ಸಿಗೆ ಮರಳಿದ್ದವು. ಒಲೆಯನ್ನು ಹಳೆಯ ಜಮಖಾನೆಯಲ್ಲಿ ಸುತ್ತಿ, ಬೃಂದಾವನ ಎಕ್ಸ್‌ಪ್ರೆಸ್ಸಿನಲ್ಲಿ ಕಾಲಬಳಿ ಇಟ್ಟುಕೊಂಡಿದ್ದರು. ಗಾಡಿ ಹೊರಡುವ ಮುಂಚೆ ಸೊಂಟದ ಚೀಲ ಬಿಚ್ಚಿ, "ನೋಡಪ್ಪಾ, ಹೆಸರು ಸರಿಯಾಗಿ ಬರ್ದಿದಾರಾ?" ಎಂದು ಚೀಟಿಯನ್ನು ನನ್ನ ಕೈಗಿತ್ತರು. ಸರಿಯಾಗಿತ್ತು, ಒಂದು ಅಕ್ಷರ ಮಾತ್ರ ತಮಿಳರ ಉಚ್ಚಾರಣೆಯಂತೆ ಬಿದ್ದಿತ್ತು. ನಾನು ಅದನ್ನು ಅವರಿಗೆ ಹೇಳಲಿಲ್ಲ.