ಕೈಗಾರಿಕಾ ನಿಯಂತ್ರಣಯಂತ್ರಗಳ ಪರೀಕ್ಷಾಂಗಣಗಳು

ವಿದ್ಯುದಾಗಾರ, ಜಲಶೋಧನಾಲಯ ಮೊದಲಾದೆಡೆಗಳಲ್ಲಿ ಯಂತ್ರಗಳನ್ನು ನಡೆಸುವ ಭಾರವು ಕಳೆದ ಶತಮಾನದ ಉತ್ತರಾರ್ಧದಲ್ಲಿ ಕ್ರಮೇಣ ಗಣಕಯಂತ್ರಗಳಿಗೆ ಸೇರಿತು. ಅವುಗಳೊಳಗೆ ಅನ್ಯರು ನುಸುಳಿದರೆ ಏನಾದೀತೆಂಬುದನ್ನು ನಡೆಯುತ್ತಿರುವ ಸ್ಥಾವರದಲ್ಲಿ ಪರೀಕ್ಷಿಸುವಂತಿಲ್ಲ. ಪ್ರಯೋಗ ಫಲಿಸಿದರೆ ಊರೇ ಕತ್ತಲಾಗುವುದು. ಯಂತ್ರಗಳನ್ನು ಬೇರೆಡೆಯಲ್ಲಿ ಜೋಡಿಸಿ ಕೆಡಿಸಿ ನೋಡುವ ಪರೀಕ್ಷಾಂಗಣಗಳು ಹುಟ್ಟಿದುದು ಈ ಕಾರಣದಿಂದ.

ಇವುಗಳಲ್ಲಿ ಅಮೆರಿಕದ ಐಡಹೊ ಪ್ರಯೋಗಶಾಲೆಯದು ಮುಖ್ಯವಾದುದು. ಕೆಡಿಸಿ ಕಲಿಯುವ ಪದ್ಧತಿ ಆ ಮರುಭೂಮಿಗೆ ಹೊಸತಲ್ಲ. 1954ರಲ್ಲಿ ಬೋರಾಕ್ಸ್ ಎಂಬ ಪರಮಾಣು ಸ್ಥಾವರವನ್ನು ಅಲ್ಲಿ ಬುದ್ಧಿಪೂರ್ವಕವಾಗಿ ನಾಶಗೊಳಿಸಿದಾಗ, ಸ್ಫೋಟವು ಲೆಕ್ಕಾಚಾರವನ್ನು ಮೀರಿತ್ತು. 2003ರಲ್ಲಿ ಅಲ್ಲಿಯೇ ನಿಯಂತ್ರಣಯಂತ್ರಗಳ ರಾಷ್ಟ್ರೀಯ ಪರೀಕ್ಷಾಂಗಣವೂ ಏರ್ಪಟ್ಟಿತು.

2007ರ ಮಾರ್ಚ್ 4ರಂದು ಅಲ್ಲಿ 'ಅರೋರಾ' ಎಂಬ ಪ್ರಯೋಗ ನಡೆಯಿತು. ಗುರಿ, 2.25 ಮೆಗಾವಾಟ್ ಶಕ್ತಿಯ, 27 ಟನ್ ತೂಕದ ಡೀಸೆಲ್ ವಿದ್ಯುಜ್ಜನಕ. ವಿದ್ಯುಜ್ಜನಕವು ತಾನು ಸೇರಿರುವ ಜಾಲದ ಲಯಕ್ಕೆ ಸರಿಯಾಗಿಯೇ ತಿರುಗಬೇಕು. ಸಂಪರ್ಕವನ್ನು ಕ್ಷಣಕಾಲ ಕಡಿದರೆ ಹೊರೆ ತಪ್ಪಿದ ಯಂತ್ರವು ವೇಗಗೊಂಡು ಲಯ ತಪ್ಪುತ್ತದೆ. ಆಗಲೇ ಮತ್ತೆ ಕೂಡಿಸಿದರೆ ಜಾಲವು ಅದನ್ನು ಬಲವಂತದಿಂದ ತನ್ನ ಲಯಕ್ಕೆಳೆಯುತ್ತದೆ. ಆ ಪೆಟ್ಟು ಬೀಳುವುದು ಅಚ್ಚಿನ ಮೇಲೆ. ಈ ಕಡಿದು ಕೂಡಿಸುವ ಕೆಲಸವನ್ನು ಮಾಡಿದುದು ಯಂತ್ರವನ್ನು ಕಾಯಲೆಂದೇ ಇರಿಸಿದ ರಿಲೇ; ಕಾವಲುಗಾರನೇ ಕನ್ನಗಳ್ಳನಾದಂತೆ! ಕೆಲವೇ ಪೆಟ್ಟುಗಳಿಗೆ ಯಂತ್ರವು ನಡುಗಿ, ಭಾಗಗಳು ಮುರಿದು, ಹೊಗೆಯುಗುಳಿ ನಿಂತಿತು. ಸಂದೇಶಮಾತ್ರದಿಂದ ಉಕ್ಕು ಮುರಿದೀತೇ ಎಂಬ ಶಂಕೆಗೆ ಇದು ಉತ್ತರವಾಯಿತು. ಪ್ರಯೋಗದ ಸ್ಥಿತಿಗತಿಗಳು ವಾಸ್ತವಕ್ಕೆ ದೂರವೆಂದು ಕೆಲವು ಇಂಜಿನಿಯರರು ಆಕ್ಷೇಪಿಸಿದರು. ಆದರೆ ಆ ವಾದಕ್ಕೂ ಆಧಾರವಾಗಿ ಕಣ್ಣೆದುರಿಗೆ ಒಂದು ಮುರಿದ ಯಂತ್ರವಿದ್ದಿತು.

ಎಲ್ಲ ಸಂಸ್ಥೆಗಳಿಗೂ ಅಂಥ ವ್ಯಯ ಸಾಧ್ಯವಲ್ಲ. ಸಿಂಗಪುರದ ತಂತ್ರಜ್ಞಾನ ಮತ್ತು ವಿನ್ಯಾಸ ವಿಶ್ವವಿದ್ಯಾಲಯವು 2015ರಲ್ಲಿ ನಿಮಿಷಕ್ಕೆ ಸುಮಾರು 19 ಲೀಟರ್ ನೀರನ್ನು ಶುದ್ಧಿಮಾಡುವ, ಆರು ಹಂತಗಳ ಸಣ್ಣ ಸ್ಥಾವರವನ್ನು ಕಟ್ಟಿತು. ಹನ್ನೊಂದು ದಿನ ಅದನ್ನು ನಡೆಸಿ, ಏಳು ದಿನಗಳ ಸಹಜಗತಿಯನ್ನೂ ನಾಲ್ಕು ದಿನಗಳಲ್ಲಿ ಮಾಡಿದ 36 ಆಕ್ರಮಣಗಳನ್ನೂ ದಾಖಲೆಮಾಡಿ ಸಂಶೋಧಕರಿಗೆ ಒದಗಿಸಿತು. ಆ ಸ್ಥಾವರವನ್ನು ಎಂದೂ ಕಾಣದವರು ಆ ಅಂಕಿಗಳಿಂದಲೇ ಎಷ್ಟೋ ಪ್ರಬಂಧಗಳನ್ನು ಬರೆದಿದ್ದಾರೆ. ಓಲೆಗರಿಯನ್ನು ನೋಡದೆ ಅಚ್ಚಿನ ಪ್ರತಿಯಿಂದಲೇ ಪಾಠನಿರ್ಣಯ ಮಾಡುವವರ ಕಷ್ಟ ಇವರಿಗೂ ಉಂಟು: ಅಂಕಿಯೊಂದು ಸಂದೇಹಾಸ್ಪದವಾದಾಗ, ದೋಷವು ಆಕ್ರಮಣದ್ದೋ ಅಳತೆಯ ಉಪಕರಣದ್ದೋ ಎಂಬುದನ್ನು ತೊಟ್ಟಿಯ ಬಳಿ ನಿಂತು ನೋಡಬಲ್ಲವನು ಸಿಂಗಪುರದಲ್ಲಿರುವವನು ಮಾತ್ರ.