ದಾರಿ ಕಾಣದಿದ್ದಾಗ ನಡೆದವರು



ಊರು ಬಿಟ್ಟು ಹೋಗುವುದೆಂದರೆ ಏನೆಂದು ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲೇ ಬಿಟ್ಟು, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಮುಂಬಯಿ, ಪುಣೆ, ಬೆಂಗಳೂರಿನ ದಾರಿ ಹಿಡಿದವರು ನಿಮ್ಮಲ್ಲೇ ಎಷ್ಟೋ ಮಂದಿ ಇದ್ದೀರಿ. ಪಾಲಮೂರಿನ ಕೂಲಿಗಳು ಮಣ್ಣು ಹೊತ್ತ ಅಣೆಕಟ್ಟು, ಕಾಲುವೆಗಳು ದೇಶದ ಉದ್ದಗಲಕ್ಕೂ ಇವೆ. ಹೊರಡುವಾಗ ಕೈಯಲ್ಲಿ ಏನಿರುತ್ತದೆ? ಒಂದು ಗಂಟು, ಒಂದು ಮಾತು: "ದೇವರಿದ್ದಾನೆ."

ಇದೇ ಮಾತನ್ನು ನಂಬಿಕೊಂಡು ಸಮುದ್ರದಾಚೆಯಿಂದ ನಮ್ಮ ಸೀಮೆಗೆ ಬಂದವರೂ ಇದ್ದರು. ಅವರು ಕ್ರೈಸ್ತ ಮಿಷನರಿಗಳು. ಅವರ ಚರಿತ್ರೆಯನ್ನು ಕೆಲವರು ಬರೀ ಹೊಗಳಿ ಹೇಳುತ್ತಾರೆ, ಕೆಲವರು ಬರೀ ತೆಗಳಿ ಹೇಳುತ್ತಾರೆ. ನಾವು ಇಂದು ಒಂದೇ ಪ್ರಶ್ನೆ ಹಿಡಿದು ನೋಡೋಣ. ನಾಳೆ ಏನಾಗುವುದೋ ತಿಳಿಯದಿದ್ದಾಗ ಇವರು ಏನು ಮಾಡಿದರು? ಅವರ ನಂಬಿಕೆ ಯಾರ ಹೆಗಲ ಮೇಲೆ ನಿಂತಿತ್ತು?

ಕಥೆ ಪೂರ್ವದ ಕರಾವಳಿಯ ನೆಲ್ಲೂರಿನಿಂದ ಶುರುವಾಗುತ್ತದೆ. ಅಮೆರಿಕದ ಬ್ಯಾಪ್ಟಿಸ್ಟ್ ಸಭೆಯವರು ಸ್ಯಾಮ್ಯುಯೆಲ್ ಡೇ ಎಂಬವರನ್ನು ತೆಲುಗರ ನಡುವೆ ಕೆಲಸ ಮಾಡಲು ಕಳಿಸಿದರು. ಅವರು 1836ರಲ್ಲಿ ಭಾರತಕ್ಕೆ ಬಂದು 1840ರಲ್ಲಿ ನೆಲ್ಲೂರಿನಲ್ಲಿ ನೆಲೆನಿಂತರು. ವರ್ಷಗಳು ಕಳೆದವು. ಭಾಷೆ ಬಂತು, ಶಾಲೆ ಆಯಿತು. ಆದರೆ ಸಭೆಗೆ ಸೇರಿದವರನ್ನು ಬೆರಳ ಮೇಲೆ ಎಣಿಸಬಹುದಿತ್ತು. ಡೇ ಅವರ ಆರೋಗ್ಯ ಕೆಟ್ಟಿತು. ಅತ್ತ ಅಮೆರಿಕದಲ್ಲಿ ಹಣ ಕೊಡುವವರು ಕೇಳತೊಡಗಿದರು: ಫಲ ಕೊಡದ ಮರಕ್ಕೆ ಎಷ್ಟು ದಿನ ನೀರು ಹಾಕುವುದು?

1853ರಲ್ಲಿ ನೆಲ್ಲೂರಿನ ಕೆಲಸವನ್ನು ಮುಚ್ಚಿಬಿಡುವ ಮಾತು ಅವರ ವಾರ್ಷಿಕ ಸಭೆಯಲ್ಲೇ ಬಂತು. ಅಲ್ಲಿ ತೂಗುಹಾಕಿದ್ದ ನಕ್ಷೆಯಲ್ಲಿ ತೆಲುಗು ಸೀಮೆಗೆಲ್ಲ ನೆಲ್ಲೂರು ಒಂದೇ ಗುರುತು. ಅದಕ್ಕೆ 'ಒಂಟಿ ನಕ್ಷತ್ರ' ಎಂಬ ಹೆಸರು ಬಿತ್ತು. ಆ ಹೆಸರಿನ ಒಂದು ಕವಿತೆಯೂ ಹುಟ್ಟಿ ಜನರ ಮನಸ್ಸನ್ನು ತಿರುಗಿಸಿತು, ಕೆಲಸ ಉಳಿಯಿತು. ಆಗ ನೆಲ್ಲೂರಿನಲ್ಲಿದ್ದವರು ಲೈಮನ್ ಜ್ಯೂವೆಟ್. 1854ರ ಜನವರಿ 1ರ ನಸುಕಿನಲ್ಲಿ ಜ್ಯೂವೆಟ್ ದಂಪತಿಗಳೂ ಮೂವರು ತೆಲುಗು ಕ್ರೈಸ್ತರೂ ಒಂಗೋಲಿನ ಗುಡ್ಡ ಹತ್ತಿ, ಕೆಳಗೆ ಹರಡಿದ ಊರುಗಳನ್ನು ನೋಡುತ್ತ ಪ್ರಾರ್ಥಿಸಿದರು. ಐದೇ ಜನ. ಅದನ್ನು ಇಂದಿಗೂ ಪ್ರಾರ್ಥನೆಯ ಗುಡ್ಡ ಎನ್ನುತ್ತಾರೆ.

ಪ್ರಾರ್ಥನೆ ಮಾಡಿದ ಮರುದಿನವೇ ಏನೂ ಆಗಲಿಲ್ಲ, ಬಂಧುಗಳೇ. ಇದನ್ನು ಗಮನಿಸಬೇಕು. ಆರಂಭದಿಂದ ಎಣಿಸಿದರೆ ಸುಮಾರು ಮೂವತ್ತು ವರ್ಷ ಹೊಲ ಬರಡಾಗಿಯೇ ಇತ್ತು. 1862ರಲ್ಲಿ ಮುಚ್ಚುವ ಮಾತು ಮತ್ತೆ ಎದ್ದಿತು. ರಜೆಯಲ್ಲಿ ಅಮೆರಿಕಕ್ಕೆ ಹೋಗಿದ್ದ ಜ್ಯೂವೆಟ್, ನೀವು ಕಳಿಸದಿದ್ದರೂ ನಾನು ಹೋಗುತ್ತೇನೆ ಎಂದು ಪಟ್ಟು ಹಿಡಿದರು. ಕಡೆಗೆ 1865ರಲ್ಲಿ ಅವರ ಜೊತೆಗೆ ಜಾನ್ ಕ್ಲೌ ಎಂಬ ತರುಣ ಬಂದ. ಆತ ಭೂಮಿ ಅಳೆಯುವ ವಿದ್ಯೆ ಕಲಿತವನು. 1866ರಲ್ಲಿ ಒಂಗೋಲಿನಲ್ಲಿ ಮನೆ ಮಾಡಿದ.

ಬೀಗ ತೆರೆದದ್ದು ಮಾತ್ರ ಈ ಇಬ್ಬರಲ್ಲ. ಎರ್ರಗುಂಟ್ಲ ಪೇರಯ್ಯ ಎಂಬ ಒಬ್ಬ ಮಾದಿಗ. ಚರ್ಮದ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದವನು, ಗುರುಗಳನ್ನು ಹುಡುಕಿ ಯೋಗ ಸಾಧನೆ ಮಾಡುತ್ತಿದ್ದವನು. ಆತ ಕ್ರೈಸ್ತ ಮಾತನ್ನು ಕೇಳಿ ಒಪ್ಪಿಕೊಂಡು, ತನ್ನ ಊರು ತಾಳ್ಳಕೊಂಡಪಾಡಿನಲ್ಲಿ ತನ್ನವರಿಗೆ ತಾನೇ ಹೇಳಿದ. ದೊರೆಯ ಮಾತಿಗಿಂತ ತಮ್ಮವನ ಮಾತು ಜನರ ಎದೆಗೆ ಬೇಗ ಇಳಿಯಿತು.

ಅಷ್ಟರಲ್ಲಿ ಬರ ಬಂತು. 1876ರಿಂದ 1878ರವರೆಗಿನ ಆ ಬರವನ್ನು ತೆಲುಗಿನವರು ದಾತ ಕರುವು ಎಂದರು, ಕನ್ನಡದವರು ಧಾತು-ಈಶ್ವರ ಸಂವತ್ಸರಗಳ ಬರ ಎಂದರು. ಬಳ್ಳಾರಿ, ರಾಯಚೂರು ಸೀಮೆಗಳೂ ಅದರಲ್ಲಿ ಬೆಂದವು. ಕ್ಲೌ ಅಳತೆಯ ವಿದ್ಯೆ ಬಲ್ಲವನಷ್ಟೆ? ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗವನ್ನು ತೋಡುವ ಗುತ್ತಿಗೆ ಹಿಡಿದು, ಹಸಿದು ಬಂದವರಿಗೆ ಕೂಲಿ ಕೊಟ್ಟ. ಆತನ ಸಹಾಯಕ ಬೋಧಕರೇ ಅಲ್ಲಿ ಮೇಸ್ತ್ರಿಗಳು. ಆಗ ಸಾವಿರಾರು ಜನ ದೀಕ್ಷಾಸ್ನಾನ ಕೇಳಿದರು. ಆತ ಕೊಡಲಿಲ್ಲ! ಅನ್ನಕ್ಕಾಗಿ ಬಂದರೋ ನಂಬಿ ಬಂದರೋ ಎಂದು ತಿಳಿಯದೆ ಕೊಡಬಾರದೆಂದು ಒಂದು ವರ್ಷಕ್ಕೂ ಮೇಲೆ ತಡೆದ. ಪರಿಹಾರದ ಕೆಲಸ ಮುಗಿದ ಮೇಲೆ, 1878ರ ಜುಲೈ 3ರಂದು ಗುಂಡ್ಲಕಮ್ಮ ಹೊಳೆಯಲ್ಲಿ ಒಂದೇ ದಿನ 2,222 ಮಂದಿ ದೀಕ್ಷಾಸ್ನಾನ ಪಡೆದರು. ನೀರಲ್ಲಿ ನಿಂತು ಕೊಟ್ಟವರು ಆರು ಜನ ಬೋಧಕರು, ಸರದಿಯ ಮೇಲೆ ಇಬ್ಬಿಬ್ಬರಂತೆ. ಹಸಿವಿನ ನೆನಪು ಆರಿತ್ತೇ ಎಂದು ನೀವು ಕೇಳಬಹುದು. ಚರಿತ್ರೆ ಬರೆದವರೂ ಅದನ್ನು ಕೇಳಿದ್ದಾರೆ. ಕೀಳು ಜಾತಿ ಎನಿಸಿಕೊಂಡವರಿಗೆ ಶಾಲೆ, ಗೌರವ, ಹೊಸ ಹೆಸರು ಇವೂ ಹಸಿವೆಯೇ. ಆದರೂ ಕೈಗೆ ಬಂದ ಫಲವನ್ನು ಒಂದು ವರ್ಷ ಮುಟ್ಟದೆ ಕಾಯುವುದು, ಮೂವತ್ತು ವರ್ಷ ಫಲವಿಲ್ಲದೆ ಕಾಯುವುದಕ್ಕಿಂತ ಸುಲಭವೇನಲ್ಲ.

ಇದೇ ಮಿಷನ್ನಿನ ಕವಲು ನಿಜಾಮರ ರಾಜ್ಯಕ್ಕೂ ಚಾಚಿತು. 1885ರಲ್ಲಿ ಎಲ್ಬರ್ಟ್ ಚ್ಯೂಟ್ ಎಂಬವರು ಪಾಲಮೂರಿನಲ್ಲಿ, ಎಂದರೆ 1890ರಲ್ಲಿ ಮಹಬೂಬನಗರವೆಂದು ಹೆಸರು ಪಡೆದ ಊರಿನಲ್ಲಿ, ನೆಲೆ ಮಾಡಿದರು. ಮುಂದೆ ಗದ್ವಾಲಕ್ಕೂ ಆ ಕೆಲಸ ಹಬ್ಬಿತು. ಆಗಿನ ಗದ್ವಾಲ ಒಂದು ಸಂಸ್ಥಾನ. 1956ರಲ್ಲಿ ರಾಜ್ಯಗಳು ಭಾಷೆಯಂತೆ ಹಂಚಿಹೋಗುವ ತನಕ ಗದ್ವಾಲವೂ ಆಲಂಪುರವೂ ರಾಯಚೂರು ಜಿಲ್ಲೆಯಲ್ಲೇ ಇದ್ದವೆಂದು ನಿಮ್ಮ ಹಿರಿಯರು ಹೇಳಿರಬಹುದು.

ಇನ್ನೊಂದು ಕಡೆಯಿಂದ ಮೆನ್ನೊನೈಟರು ಬಂದರು. ಇವರು ಆಯುಧ ಹಿಡಿಯುವುದಿಲ್ಲವೆಂದು ವ್ರತ ತೊಟ್ಟ, ಜರ್ಮನ್ ಮಾತಾಡುವ ರೈತರು. ರಷ್ಯದ ಚಕ್ರವರ್ತಿಯ ಸೀಮೆಯಲ್ಲಿ ನೆಲೆಸಿದ್ದರು. ಕೆಲವರು ಅಲ್ಲಿಂದ ಅಮೆರಿಕಕ್ಕೆ ಹೋಗಿದ್ದರು. ರಷ್ಯದಿಂದ ಬಂದ ಅಬ್ರಹಾಂ ಫ್ರೀಸೆನ್ ದಂಪತಿಗಳು 1890ರಲ್ಲಿ ನಲ್ಗೊಂಡದಲ್ಲಿ ಬ್ಯಾಪ್ಟಿಸ್ಟರ ಜೊತೆಗೂಡಿ ಕೆಲಸ ಹಿಡಿದರು. ಅಮೆರಿಕದಿಂದ 1899ರಲ್ಲಿ ಎನ್. ಎನ್. ಹೀಬರ್ಟ್ ದಂಪತಿಗಳು ಹೈದರಾಬಾದಿಗೆ ಬಂದರು. ಎರಡೇ ವರ್ಷ, ಕಾಯಿಲೆಯಿಂದ 1901ರಲ್ಲಿ ಹಿಂದಿರುಗಬೇಕಾಯಿತು. ಅಲ್ಲಿಗೆ ಮುಗಿಯಿತೆಂದು ಯಾರಾದರೂ ಅನ್ನಬಹುದಿತ್ತು. ಮರುವರ್ಷವೇ ಜೆ. ಎಚ್. ಪ್ಯಾಂಕ್ರಾಟ್ಸ್ ಬಂದರು, 1904ರಲ್ಲಿ ಡೇನಿಯಲ್ ಬರ್ಗ್‌ತೋಲ್ಡ್ ಬಂದರು. ನಾಗರ್‌ಕರ್ನೂಲಿನಲ್ಲಿ ಅವರ ಕೆಲಸ ಬೇರೂರಿತು.

1914ರಲ್ಲಿ ಯುದ್ಧ ಬಂತು, 1917ರಲ್ಲಿ ರಷ್ಯದಲ್ಲಿ ಕ್ರಾಂತಿಯಾಯಿತು. ನಲ್ಗೊಂಡದ ಕಡೆಯ ಮಿಷನರಿಗಳಿಗೆ ರಷ್ಯದಿಂದ ಬರುತ್ತಿದ್ದ ಹಣದ ದಾರಿ ಕಡಿದುಹೋಯಿತು. ಹಣ ಕಳಿಸುತ್ತಿದ್ದ ಬಂಧುಗಳೇ ಅಲ್ಲಿ ಉಪವಾಸ ಬಿದ್ದಿದ್ದರು. 1930ರ ದಶಕದಲ್ಲಿ ಅಮೆರಿಕದಲ್ಲೂ ಆರ್ಥಿಕ ಮುಗ್ಗಟ್ಟು ಬಂತು. ಬ್ಯಾಪ್ಟಿಸ್ಟರಿಗೆ ಎಲ್ಲ ಊರುಗಳನ್ನೂ ಸಾಗಿಸುವುದು ಕಷ್ಟವಾಗಿ, 1937ರಲ್ಲಿ ಮಹಬೂಬನಗರ, ಗದ್ವಾಲಗಳ ಕೆಲಸವನ್ನು ಮೆನ್ನೊನೈಟ್ ಬ್ರದರನ್ ಮಿಷನ್ನಿಗೆ ಒಪ್ಪಿಸಿದರು. ಐವತ್ತು ವರ್ಷ ಬೆಳೆಸಿದ ತೋಟವನ್ನು ಇನ್ನೊಬ್ಬರ ಕೈಗಿಟ್ಟು ಹೋಗುವುದೂ ನಂಬಿಕೆಯ ಒಂದು ಪರೀಕ್ಷೆಯೇ.

ಕನ್ನಡದ ಕಡೆಗೂ ತಿರುಗಿ ನೋಡಿ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಾಗ ಕಂಪನಿ ಸರ್ಕಾರಕ್ಕೆ ಮಿಷನರಿಗಳೆಂದರೆ ಆಗುತ್ತಿರಲಿಲ್ಲ. ಯಾವಾಗ ಹೊರಡು ಎನ್ನುವರೋ ತಿಳಿಯದು. ಆತ ಕುಳಿತು ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತರತೊಡಗಿದ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಅದರ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಂದವರು. ಹೆಂಡತಿಯನ್ನು ಕಳೆದುಕೊಂಡರು, ಕಣ್ಣು ಸೋತವು. ಆದರೂ 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಹೊರಬಂತು. 1914ರ ಯುದ್ಧದಲ್ಲಿ ಇದೇ ಮಿಷನ್ನಿನ ಜರ್ಮನರನ್ನು ಶತ್ರು ದೇಶದವರೆಂದು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿ, ಆಮೇಲೆ ದೇಶದಿಂದ ಹೊರಗೆ ಕಳಿಸಿದರು. ಹೆಂಚಿನ ಕಾರ್ಖಾನೆಗಳು ಅವರ ಕೈತಪ್ಪಿದವು. ನಿಘಂಟು ಮಾತ್ರ ಎಲ್ಲೂ ಹೋಗಲಿಲ್ಲ.

ಈಗ ನಮ್ಮ ಪ್ರಶ್ನೆಗೆ ಬರೋಣ. ಯಾರ ಹೆಗಲ ಮೇಲೆ?

ಹೊರದೇಶದವರ ಸಂಕಟ ಸುಳ್ಳಲ್ಲ. ಆ ಕಾಲದ ಮಿಷನ್ ಬಂಗಲೆಗಳ ಪಕ್ಕದಲ್ಲಿ ಹೆಂಡಿರ, ಮಕ್ಕಳ ಸಮಾಧಿಗಳಿರುತ್ತಿದ್ದವು. ಆದರೆ ಅವರಿಗೆ ಬಂಗಲೆ ಇತ್ತು, ಸಂಬಳ ಇತ್ತು, ತೀರಾ ಕಷ್ಟವಾದರೆ ಹಡಗಿನ ಟಿಕೆಟ್ ಇತ್ತು. ಊರಿನ ಬೋಧಕನಿಗೆ ಏನಿತ್ತು? ಮನೆಮನೆಗೆ ಹೋಗಿ ಓದಿ ಹೇಳುತ್ತಿದ್ದ ಬೈಬಲ್ ಹೆಂಗಸಿಗೆ ಏನಿತ್ತು? ಊರ ಬಾವಿಯ ನೀರು ಆಗಲೂ ಸಿಗುತ್ತಿರಲಿಲ್ಲ. ದೊರೆ ಹೊರಟುಹೋದ ದಿನ ಅವರು ಅದೇ ಕೇರಿಯಲ್ಲಿ ಉಳಿದರು. ಸ್ವಾತಂತ್ರ್ಯ ಬಂದ ಮೇಲೆ 1950ರ ರಾಷ್ಟ್ರಪತಿಗಳ ಆಜ್ಞೆಯಂತೆ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸವಲತ್ತು ಇಲ್ಲವಾಯಿತು. ಹೆಸರು ಬದಲಾದರೂ ಊರು ಅವರನ್ನು ನೋಡುವ ಕಣ್ಣು ಬದಲಾಗಲಿಲ್ಲ. ಕಾಗದದಲ್ಲಿ ಮಾತ್ರ ಬದಲಾಯಿತು. ಅಂಥವರ ಮನೆಯಲ್ಲಿ ನಾಳೆಯ ಚಿಂತೆ ಎಂಬುದು ಹಡಗು ಹತ್ತಿ ಬಂದವರ ಚಿಂತೆಗಿಂತ ದೊಡ್ಡದು.

ಕಾಲ ಕಳೆದಂತೆ ಹೊರದೇಶದ ಮಿಷನರಿಗಳಿಗೆ ವೀಸಾ ಸಿಗುವುದು ಕಷ್ಟವಾಯಿತು. ಇದ್ದವರು ಒಬ್ಬೊಬ್ಬರಾಗಿ ಹೊರಟರು. ಸಭೆಗಳು ಮುಚ್ಚಿಹೋಗುತ್ತವೆ ಎಂದವರಿದ್ದರು. ಮುಚ್ಚಲಿಲ್ಲ. ಎಲ್ಲಿ ಊರಿನವರ ಕೈಗೆ ಪುಸ್ತಕವೂ ಮಾತೂ ಹಣದ ಪೆಟ್ಟಿಗೆಯ ಬೀಗದ ಕೈಯೂ ಮೊದಲೇ ಬಂದಿದ್ದವೋ ಅಲ್ಲಿ ಸಭೆ ತಾನೇ ನಿಂತಿತು. ಎಲ್ಲಿ ಎಲ್ಲವೂ ದೊರೆಯ ಮೇಜಿನ ಮೇಲೆಯೇ ಇತ್ತೋ ಅಲ್ಲಿ ಆಸ್ತಿಯ ಜಗಳ ಉಳಿಯಿತು.

ಹಾಗಾದರೆ ದೇವರ ಮೇಲೆ ಭಾರ ಹಾಕುವುದೆಂದರೆ ಕೈಕಟ್ಟಿ ಕೂಡುವುದಲ್ಲ ಎಂದಾಯಿತು. ಜ್ಯೂವೆಟ್ ಗುಡ್ಡ ಹತ್ತಿದರು, ಇಳಿದು ಬಂದು ಮತ್ತೆ ತೆಲುಗು ಪುಸ್ತಕ ಹಿಡಿದರು. ಕ್ಲೌ ಪ್ರಾರ್ಥಿಸಿದ, ಕಾಲುವೆಯನ್ನೂ ತೋಡಿಸಿದ. ಪೇರಯ್ಯ ಯಾರ ಅಪ್ಪಣೆಗೂ ಕಾಯದೆ ತನ್ನ ಕೇರಿಗೆ ಹೋಗಿ ಮಾತಾಡಿದ. ನೀವು ಯಾವ ದೇವರಿಗೆ ಕೈಮುಗಿಯುವವರಾದರೂ ಈ ಲೆಕ್ಕ ನಿಮಗೆ ಹೊಸದಲ್ಲ. ಮೋಡ ಕಾಣದ ಮೃಗಶಿರೆಯಲ್ಲೂ ನೀವು ಹೊಲ ಹದಮಾಡಿ ಬೀಜ ತೆಗೆದಿಡುತ್ತೀರಿ. ಮಳೆ ಬರುತ್ತದೆಂದು ಯಾರೂ ಬರೆದುಕೊಟ್ಟಿರುವುದಿಲ್ಲ.

ಮುಂದಿನ ಸಲ ಒಂಗೋಲಿನ ಕಡೆ ಹೋದರೆ ಆ ಗುಡ್ಡವನ್ನು ನೋಡಿ ಬನ್ನಿ. ಅಷ್ಟು ದೂರ ಆಗದಿದ್ದರೆ ನಿಮ್ಮೂರಿನ ಹಳೆಯ ಕ್ರೈಸ್ತರ ಸಮಾಧಿಗಳ ಕಡೆಗೆ ಒಮ್ಮೆ ಹೋಗಿ. ಇಂಗ್ಲಿಷ್ ಹೆಸರು ಕೆತ್ತಿದ ಕಲ್ಲಿದ್ದರೆ ಓದಿ. ಆಮೇಲೆ ಕಲ್ಲಿಲ್ಲದ ಮಣ್ಣಿನ ದಿಬ್ಬಗಳ ಬಳಿ ನಿಂತು, ಇಲ್ಲಿ ಮಲಗಿರುವವರು ಯಾರೆಂದು ಊರಿನ ಮುದುಕರನ್ನು ಕೇಳಿ. ಹೇಳಬಲ್ಲವರು ಇರುವಾಗಲೇ ಆ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ತೆಲುಗಿನಲ್ಲಿ ಬರೆದರೂ ಸರಿ, ಕನ್ನಡದಲ್ಲಿ ಬರೆದರೂ ಸರಿ.