ಮೊಳೆ ಸಾಲದ ಅಚ್ಚುಕೂಟದಿಂದ

ಡಬ್ಲಿನ್ನಿನ ಲಿಫೀ ನದಿಯ ದಂಡೆಯಲ್ಲಿ ಹದಿನಾರು ಅಂತಸ್ತಿನ ಲಿಬರ್ಟಿ ಹಾಲ್ ನಮ್ಮಲ್ಲಿ ಬಹಳ ಮಂದಿಗೆ ಆಫೀಸಿನ ದಾರಿಯ ಗುರುತು. ಇದೇ ಜಾಗದ ಹಳೆಯ ಕಟ್ಟಡದಲ್ಲಿ 1916ರ ಏಪ್ರಿಲ್ 23ರ ಈಸ್ಟರ್ ಭಾನುವಾರ ಒಂದು ಹಾಳೆ ಅಚ್ಚಾಯಿತು. ಮರುದಿನ ಮಧ್ಯಾಹ್ನ, ಬ್ರಿಟಿಷರ ವಿರುದ್ಧ ಬಂಡಾಯವೆದ್ದ ಪ್ಯಾಟ್ರಿಕ್ ಪಿಯರ್ಸ್ ಜನರಲ್ ಪೋಸ್ಟ್ ಆಫೀಸಿನ ಮುಂದೆ ನಿಂತು ಓದಿದ ಐರಿಷ್ ಗಣರಾಜ್ಯದ ಘೋಷಣೆ ಅದೇ. ಅದರ ಕೊನೆಯಲ್ಲಿ ಹೆಸರಿದ್ದ ಏಳು ಜನರನ್ನೂ ಮೂರು ವಾರ ಕಳೆಯುವುದರೊಳಗೆ ಬ್ರಿಟಿಷರು ಗುಂಡಿಟ್ಟು ಕೊಂದರು.

ಹೆಸರಿನ ಪಟ್ಟಿಯಲ್ಲಿ ಇಲ್ಲದ ಮೂವರ ಬಗ್ಗೆ ನಾನು ಇಲ್ಲಿ ಹೇಳಬೇಕು. ಅಚ್ಚು ಹಾಕಿದ ಕ್ರಿಸ್ಟೋಫರ್ ಬ್ರೇಡಿ, ಮೊಳೆ ಜೋಡಿಸಿದ ಮೈಕೆಲ್ ಮೊಲಾಯ್ ಮತ್ತು ಲಿಯಮ್ ಓಬ್ರಿಯನ್. ಅವರ ಪಾಲಿಗಿದ್ದದ್ದು ಹಳೆಯದೊಂದು ವಾರ್ಫ್‌ಡೇಲ್ ಯಂತ್ರ. ಅಚ್ಚುಮೊಳೆಗಳನ್ನು ವೆಸ್ಟ್ ಎಂಬ ಮುದ್ರಕನಿಂದ ಎರವಲು ತಂದರು. ಅವೂ ಸಾಲಲಿಲ್ಲ. ಮೇಲಿನ ಅರ್ಧ ಜೋಡಿಸಿ ಅಚ್ಚು ಹಾಕಿ, ಅದೇ ಮೊಳೆಗಳನ್ನು ಬಿಚ್ಚಿ ಕೆಳಗಿನ ಅರ್ಧ ಕಟ್ಟಿ, ಹಾಳೆಗಳನ್ನು ಮತ್ತೊಮ್ಮೆ ಯಂತ್ರಕ್ಕೆ ಕೊಟ್ಟರು. ಇಂಗ್ಲಿಷಿನ ಸಣ್ಣ ‘ಇ’ ಮುಗಿದಾಗ ಬೇರೆ ಜಾತಿಯ ಮೊಳೆ ಹಾಕಿದರು. ದೊಡ್ಡಕ್ಷರದ ‘ಇ’ ಸಿಗದೆ ಒಂದು ‘ಎಫ್’ಗೆ ಅರಗು ಮೆತ್ತಿ ಕೆಳಗೆರೆ ಎಳೆದರು. ಸುಮಾರು ಸಾವಿರ ಪ್ರತಿ ಅಚ್ಚಾದವು. ಈಗ ಉಳಿದಿರುವವು ಮೂವತ್ತರ ಆಸುಪಾಸು.

ಹರಾಜಿನಲ್ಲಿ ಇಂಥ ಒಂದು ಪ್ರತಿಗೆ ಲಕ್ಷಗಟ್ಟಲೆ ಯೂರೋ ಬೆಲೆ. ಅಟ್ಟದ ಮೇಲೆ ಸಿಕ್ಕಿತೆಂದು ಜನ ಸಂಭ್ರಮದಿಂದ ತರುವವುಗಳಲ್ಲಿ ಹೆಚ್ಚಿನವು ಆಮೇಲೆ ಮಾಡಿದ ಮರುಮುದ್ರಣಗಳು. ಅಸಲಿಯನ್ನು ಗುರುತಿಸಲು ತಜ್ಞರು ನೋಡುವುದು ಆ ಭಾನುವಾರದ ಕೊರತೆಗಳನ್ನೇ: ಕಲಬೆರಕೆ ‘ಇ’ಗಳು, ಅರಗಿನ ಗುರುತು, ಎರಡು ಅರ್ಧಗಳ ನಡುವೆ ಹಾಳೆಯಿಂದ ಹಾಳೆಗೆ ಬದಲಾಗುವ ಅಂತರ. ಲಿಬರ್ಟಿ ಹಾಲ್ ವಶವಾದಾಗ ಕೆಳಗಿನ ಅರ್ಧದ ಮೊಳೆಗಳು ಇನ್ನೂ ಯಂತ್ರದಲ್ಲೇ ಇದ್ದವು. ಬ್ರಿಟಿಷ್ ಸೈನಿಕರು ನೆನಪಿಗೆಂದು ಕೆಲವು ಹಾಳೆ ಒತ್ತಿಕೊಂಡರು. ಆ ಅರ್ಧ ಹಾಳೆಗಳನ್ನೂ ಸಂಗ್ರಾಹಕರು ಇಂದು ಹುಡುಕುತ್ತಾರೆ.

ಕಾಗದ ಕೂಡಿಟ್ಟವರಲ್ಲಿ ಬಂಡಾಯಗಾರರ ಕಡೆಯವರಷ್ಟೇ ಇರಲಿಲ್ಲ. ನನಗೆ ಅತ್ಯಂತ ಗೌರವ ಹುಟ್ಟಿಸುವವರು ಆರ್ಥರ್ ವಾರೆನ್ ಸ್ಯಾಮುಯೆಲ್ಸ್. ಅವರು ಬ್ರಿಟನ್ನಿನ ಜೊತೆಗಿನ ಒಕ್ಕೂಟ ಉಳಿಯಬೇಕೆನ್ನುತ್ತಿದ್ದ ಸಂಸದ, ಸರ್ಕಾರದ ಅಟಾರ್ನಿ ಜನರಲ್ ಆಗಿದ್ದವರು. 1916ರ ಸೆಪ್ಟೆಂಬರಿನಲ್ಲಿ ಅವರ ಮಗ ಬ್ರಿಟಿಷ್ ಸೇನೆಯಲ್ಲಿದ್ದು ಯುದ್ಧದಲ್ಲಿ ಸತ್ತ. ಆದರೂ ವಿರೋಧಿಗಳ ಭಿತ್ತಿಪತ್ರ, ಕರಪತ್ರ, ಲಾವಣಿ ಹಾಳೆಗಳು ಅವರ ಹೆಸರಿನ ಸಂಗ್ರಹದಲ್ಲಿ ಸೇರಿ, ಟ್ರಿನಿಟಿ ಕಾಲೇಜಿನ ಗ್ರಂಥಾಲಯದಲ್ಲಿ ಭದ್ರವಾಗಿವೆ. ಎದುರಾಳಿಯ ಮಾತನ್ನೂ ಹರಿಯದೆ ಇಟ್ಟುಕೊಳ್ಳಲು ದೊಡ್ಡ ಮನಸ್ಸು ಬೇಕು.

ಬಂಡಾಯದ ವಾರದ ಇನ್ನೊಂದು ಕರಪತ್ರದ ಕಥೆ ಕನ್ನಡಿಗರಾದ ನಮಗೆ ಹತ್ತಿರದ್ದು. ಗುಂಡು ಹಾರುತ್ತಿದ್ದ ಬೀದಿಗಳಲ್ಲಿ ಫ್ರಾನ್ಸಿಸ್ ಶೀಹಿ ಸ್ಕೆಫಿಂಗ್ಟನ್ ಎಂಬ ಶಾಂತಿವಾದಿ, ಅಂಗಡಿಗಳ ಲೂಟಿ ತಡೆಯೋಣ ಬನ್ನಿ ಎಂದು ಕರೆದು ಹಾಳೆ ಅಂಟಿಸುತ್ತ ಓಡಾಡಿದರು. ಸೈನಿಕರು ಹಿಡಿದುಕೊಂಡು ಹೋಗಿ ಏಪ್ರಿಲ್ 26ರಂದು ಪೋರ್ಟೊಬೆಲ್ಲೊ ಬ್ಯಾರಕ್ಸಿನಲ್ಲಿ ವಿಚಾರಣೆಯಿಲ್ಲದೆ ಕೊಂದರು. 1912ರಲ್ಲಿ ಅವರು ಮಹಿಳೆಯರ ಮತದಾನದ ಹಕ್ಕಿಗಾಗಿ ‘ಐರಿಷ್ ಸಿಟಿಜನ್’ ಪತ್ರಿಕೆ ಆರಂಭಿಸಿದಾಗ ಜೊತೆಗಿದ್ದವರು ಜೇಮ್ಸ್ ಕಸಿನ್ಸ್. ಹೌದು, ಅದೇ ಕಸಿನ್ಸ್. ಮೈಸೂರಿಗೆ ಬಂದಾಗ, ಇಂಗ್ಲಿಷಿನಲ್ಲಿ ಕವನ ಬರೆಯುತ್ತಿದ್ದ ವಿದ್ಯಾರ್ಥಿ ಪುಟ್ಟಪ್ಪನಿಗೆ ನಿನ್ನ ತಾಯ್ನುಡಿಯಲ್ಲಿ ಬರೆ ಎಂದವರು. ಕುವೆಂಪು ಕನ್ನಡಕ್ಕೆ ತಿರುಗಿದ ಘಟನೆ ನಮಗೆಲ್ಲ ಗೊತ್ತು. ಆ ಮಾತು ಆಡಿದಾತನ ಗೆಳೆಯ ನಮ್ಮ ಈ ಊರಿನಲ್ಲಿ ಕರಪತ್ರ ಅಂಟಿಸುತ್ತ ಜೀವ ತೆತ್ತದ್ದನ್ನೂ ನಮ್ಮ ಮಕ್ಕಳಿಗೆ ಹೇಳಬೇಕು.

ಘೋಷಣೆಯ ಅಸಲಿ ಪ್ರತಿಯನ್ನು ಕಾಲಿನ್ಸ್ ಬ್ಯಾರಕ್ಸಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದವರು ಕಾಪಾಡಿದ್ದಾರೆ. ಪ್ರವೇಶ ಉಚಿತ. ಲುವಾಸ್ ರೆಡ್ ಲೈನಿನಲ್ಲಿ ‘ಮ್ಯೂಸಿಯಂ’ ನಿಲ್ದಾಣದಲ್ಲಿ ಇಳಿಯಿರಿ. ಘೋಷಣೆಗೆ ಬಳಸಿದ ಕಾಗದ ತಯಾರಾದದ್ದು ಇದೇ ಲೈನಿನ ಕೊನೆಯ ಸ್ಯಾಗರ್ಟ್‌ನ ಸ್ವಿಫ್ಟ್‌ಬ್ರೂಕ್ ಗಿರಣಿಯಲ್ಲಿ.